ಮನೆ ಫೋಟೋಗಳು ಎಲ್ಲಿರಬೇಕು?

ಗೂಗಲ್ ಪುಕ್ಕಟೆ ಕೊಡುವ 15 ಜಿಬಿ ಜಾಗವನ್ನು ಜಿಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ. ಅದು ತುಂಬಿದ ಮೇಲೆ ಬಾಡಿಗೆ ಕಟ್ಟಬೇಕು. ಹಾಗೆಂದು ಎಲ್ಲವನ್ನೂ ಹಾರ್ಡ್ ಡಿಸ್ಕಿಗೆ ಸುರಿದು ನಿಶ್ಚಿಂತರಾಗಬೇಡಿ. ಕೈಜಾರಿ ಬಿದ್ದರೆ ಅಷ್ಟೂ ಹೋಯಿತು. ಗೂಗಲ್‌ನ ಈ ಕ್ಲೌಡ್‌ನಲ್ಲೂ ಬಹಳ ಮಂದಿ ಗಮನಿಸದ ಅಪಾಯವೊಂದಿದೆ: ಬ್ಯಾಕಪ್ ಆದ ಫೋಟೋವನ್ನು ಫೋನಿನ ಗೂಗಲ್ ಫೋಟೋಸ್‌ನಲ್ಲಿ ಅಳಿಸಿದರೆ ಕ್ಲೌಡ್‌ನಿಂದಲೂ ಅಳಿಯುತ್ತದೆ. ಕಸದಬುಟ್ಟಿಯಲ್ಲಿ 60 ದಿನ ಇರುತ್ತದೆ, ಅಷ್ಟೇ. 2 ವರ್ಷ ಮುಟ್ಟದ ಖಾತೆಯನ್ನೇ ಗೂಗಲ್ ತೆಗೆದುಹಾಕಬಹುದು. ತೀರಿಕೊಂಡ ಹಿರಿಯರ ಖಾತೆ ಇದ್ದವರು ಇದನ್ನು ಮರೆಯಬೇಡಿ. ನನ್ನ ಮಾತು ಕೇಳುವುದಾದರೆ, ಮಕ್ಕಳ ಫೋಟೋ, ಜಮೀನು ಪತ್ರಗಳ ಸ್ಕ್ಯಾನ್ ಎರಡೂ ಕಡೆ ಇರಲಿ. ಸಿನಿಮಾಗಳಿಗೆ ಡಿಸ್ಕೇ ಸಾಕು. ಆಗಾಗ ಆ ಡಿಸ್ಕನ್ನು ಕಂಪ್ಯೂಟರಿಗೆ ಸಿಕ್ಕಿಸಿ, ಫೈಲುಗಳು ತೆರೆಯುತ್ತವೆಯೇ ನೋಡಿ. ಗೂಗಲ್ ಖಾತೆಯ ಪಾಸ್‌ವರ್ಡ್ ಮನೆಯಲ್ಲಿ ಇನ್ನೊಬ್ಬರಿಗೂ ಗೊತ್ತಿರಲಿ.