ಹಣ್ಣಾಗುವವರೆಗೆ ಕಾಯುವುದು: ಉಪ್ಪಾಗೆ ಕಲಿಸಿದ ಆರು ಪಾಠಗಳು

ಶಿರಸಿ, ಸಿದ್ದಾಪುರದ ಘಟ್ಟದಂಚಿನ ಊರುಗಳಲ್ಲಿ ಮಳೆ ಹಿಡಿಯಿತೆಂದರೆ ಕಾಡಿನ ಹುಳಿಹಣ್ಣು ಉಪ್ಪಾಗೆಯ ಕೊಯ್ಲು. ಹಿಂದೆ ಮನೆಯ ಹುಳಿಗೆ, ಬೀಜದ ತುಪ್ಪಕ್ಕೆ ಬೇಕಾದಷ್ಟು ತರುತ್ತಿದ್ದರು. 1990ರ ದಶಕದಲ್ಲಿ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲಕ್ಕೆ ತೂಕ ಇಳಿಸುವ ಔಷಧಿಗಳ ತಯಾರಕರಿಂದ ಬೇಡಿಕೆ ಬಂತು. ದರ ಏರಿತು, ಕಾಡಿನಲ್ಲಿ ಪೈಪೋಟಿ ಶುರುವಾಯಿತು. ಗ್ರಾಮ ಅರಣ್ಯ ಸಮಿತಿಗಳ ಜೊತೆ ವರ್ಷಗಟ್ಟಲೆ ಓಡಾಡಿ ನಾನು ಕಲಿತದ್ದು ಇಷ್ಟು.

1. ನಾಳೆಯ ಹಕ್ಕಿಲ್ಲದವರು ಇಂದು ಕಾಯುವುದಿಲ್ಲ

ಟೆಂಡರ್ ಹಿಡಿದ ಗುತ್ತಿಗೆದಾರನಿಗೆ ಅವಧಿ ಮುಗಿಯುವುದರೊಳಗೆ ಹಾಕಿದ ದುಡ್ಡು ಎತ್ತಬೇಕು. ಕೊಯ್ಯುವವನಿಗೆ ತಾನು ಬಿಟ್ಟದ್ದನ್ನು ಇನ್ನೊಬ್ಬ ಕೊಯ್ದಾನೆಂಬ ಭಯ. ಹೀಗಾಗಿ ಹಸಿರು ಕಾಯಿ ಕೆಳಗಿಳಿಯುತ್ತಿತ್ತು, ಕೈಗೆ ಎಟುಕದ ಕೊಂಬೆಗೆ ಕತ್ತಿ ಬೀಳುತ್ತಿತ್ತು. ಒಂದು ಊರಿನಲ್ಲಿ ಯಾವ ಮನೆಯವರು ಯಾವ ಭಾಗದ ಮರಗಳಿಂದ ಕೊಯ್ಯಬೇಕೆಂದು ಹಂಚಿಕೊಂಡರು. ಮರುವರ್ಷವೂ ಅದೇ ಮರ ತಮ್ಮದೆಂಬ ಭರವಸೆ ಬಂದ ಮೇಲೆ ಕತ್ತಿ ತಾನಾಗಿ ಮನೆಯಲ್ಲೇ ಉಳಿಯಿತು.

2. ನಿಯಮವನ್ನು ಹಣ್ಣಿನಲ್ಲೇ ತೋರಿಸಬೇಕು

ಮೊದಲ ಸಭೆಯಲ್ಲಿ ನಾನು ಸುಸ್ಥಿರತೆಯ ಬಗ್ಗೆ ಅರ್ಧ ಗಂಟೆ ಮಾತಾಡಿದೆ. ಯಾರೂ ತಲೆಯಾಡಿಸಲಿಲ್ಲ. ಮೂಲೆಯಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ಎದ್ದು ಎರಡು ಕಾಯಿ ಸೀಳಿ ಜಗುಲಿಯ ಮೇಲಿಟ್ಟರು. ಎಳೆಯದರಲ್ಲಿ ತೆಳು ಸಿಪ್ಪೆ, ಬಲಿಯದ ಬಿಳಿ ಬೀಜ. ಹಳದಿಗೆ ತಿರುಗಿದ್ದರಲ್ಲಿ ದಪ್ಪ ಸಿಪ್ಪೆ, ಗಟ್ಟಿ ಬೀಜ. 'ಯಾವುದು ತೂಗ್ತದೆ? ಯಾವುದು ಹುಟ್ತದೆ?' ಎಂದು ಕೇಳಿದರು. ಕೊಯ್ಲಿನ ದಿನ ಆ ಸಂಜೆಯೇ ನಿಗದಿಯಾಯಿತು. ಈ ಹಣ್ಣು ತಿನ್ನುವ ಸಿಂಗಳೀಕ ಕೋತಿಗಳಿಗೆ ತುದಿಕೊಂಬೆಯದನ್ನು ಬಿಡಬೇಕೆಂಬ ಮಾತೂ ಅದರ ಜೊತೆಗೇ ಸೇರಿತು.

3. ಒಲೆಯನ್ನು ಮರೆತ ನಿಯಮ ಅರ್ಧ ನಿಯಮ

ಉಪ್ಪಾಗೆ ಬರುವುದು ಬಿಸಿಲಿಲ್ಲದ ಕಾಲದಲ್ಲಿ. ಸಿಪ್ಪೆಯನ್ನು ತಟ್ಟಿಯ ಮೇಲೆ ಹರಡಿ ಕೆಳಗೆ ರಾತ್ರಿಯಿಡೀ ಬೆಂಕಿ ಹಾಕಬೇಕು. ಸೌದೆ ಅದೇ ಕಾಡಿನದು. ಹಣ್ಣಿಗೆ ನಿಯಮ ಮಾಡಿ ಸೌದೆಯ ಲೆಕ್ಕ ಬಿಟ್ಟದ್ದು ನಮ್ಮ ದೊಡ್ಡ ತಪ್ಪು. ಹಸಿ ಮರ ಕಡಿಯಬೇಡಿ ಎಂಬ ಮಾತನ್ನು ಯಾರೂ ಕೇಳಲಿಲ್ಲ. ಕೇಳಿದರೆ ಸಿಪ್ಪೆ ಕೊಳೆಯುತ್ತಿತ್ತು. ಹೊಗೆಕೊಳವೆಯಿರುವ ಮುಚ್ಚಿದ ಡ್ರೈಯರ್ ಬಂದಾಗ ಸೌದೆ ಇಳಿಯಿತು, ಹೆಂಗಸರ ಕಣ್ಣುರಿ ತಗ್ಗಿತು, ಹೊಗೆವಾಸನೆ ಇಲ್ಲದ ಸಿಪ್ಪೆಗೆ ಒಳ್ಳೆಯ ದರವೂ ಸಿಕ್ಕಿತು.

4. ಕಾಯಿ ಬಿಡದ ಮರವೂ ಲೆಕ್ಕಕ್ಕಿರಲಿ

ಉಪ್ಪಾಗೆಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ. ಫಲವಿಲ್ಲವೆಂದು ಗಂಡು ಮರವನ್ನು ಸೌದೆಗೆ ಕಡಿದರೆ ಸುತ್ತಲಿನ ಹೆಣ್ಣು ಮರಕ್ಕೂ ಪೆಟ್ಟು. ಆದಾಯ ಕೊಡುವ ಮರಗಳನ್ನಷ್ಟೇ ಪಟ್ಟಿ ಮಾಡುವುದನ್ನು ನಾವು ನಿಲ್ಲಿಸಿದೆವು.

5. ಕಾನೂನು ಊರಿನವರನ್ನು ಒಳಗಿಟ್ಟುಕೊಳ್ಳಬೇಕು

2002ರ ಜೀವವೈವಿಧ್ಯ ಕಾಯ್ದೆಯಡಿ ಸ್ಥಳೀಯ ಜೀವವೈವಿಧ್ಯ ನಿರ್ವಹಣಾ ಸಮಿತಿ ವಾಣಿಜ್ಯ ಸಂಗ್ರಹಕ್ಕೆ ಶುಲ್ಕ ವಿಧಿಸಬಹುದು. 2006ರ ಅರಣ್ಯ ಹಕ್ಕು ಕಾಯ್ದೆ ಬುಡಕಟ್ಟು ಮತ್ತು ಇತರ ಪಾರಂಪರಿಕ ಅರಣ್ಯವಾಸಿಗಳು ತಲೆತಲಾಂತರದಿಂದ ಸಂಗ್ರಹಿಸುತ್ತ ಬಂದ ಕಿರು ಅರಣ್ಯ ಉತ್ಪನ್ನಗಳ ಮೇಲೆ ಅವರ ಒಡೆತನವನ್ನು ಒಪ್ಪುತ್ತದೆ. 2011ರಲ್ಲಿ ಅಘನಾಶಿನಿ ಕಣಿವೆ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಈ ಬಗೆಯ ಮೀಸಲಿನಲ್ಲಿ ಜನರನ್ನು ಒಕ್ಕಲೆಬ್ಬಿಸುವುದಿಲ್ಲ. ಕಾಡಿನ ಮೇಲೆ ಕಣ್ಣಿಡಲು ಅಲ್ಲೇ ಬದುಕುವವರಿಗಿಂತ ಒಳ್ಳೆಯ ಕಾವಲು ಎಲ್ಲಿಂದ ತರುವುದು? ಆದರೆ ಈ ಕಾಗದಗಳು ಕನ್ನಡದಲ್ಲಿ, ಪಂಚಾಯಿತಿ ಕಟ್ಟೆಯಲ್ಲಿ, ಗಟ್ಟಿಯಾಗಿ ಓದಿ ಹೇಳಿದಾಗಲೇ ಜನರ ಕೈಗೆ ಬಂದವು.

6. ಒಂದೇ ಹಣ್ಣಿನ ಮೇಲೆ ಊರು ನಿಲ್ಲಿಸಬೇಡಿ

ಒಂದು ಮಳೆಗಾಲ ಖರೀದಿದಾರ ಬರಲೇ ಇಲ್ಲ. ಚೀಲಗಳು ಅಟ್ಟದಲ್ಲೇ ಬೂಸಲು ಹಿಡಿದವು. ಆಮೇಲೆ ಉಪ್ಪಾಗೆ ತುಪ್ಪ, ಮುರುಗಲು, ವಾಟೆ ಹುಳಿ, ಜೇನು ಎಲ್ಲವೂ ಸಮಿತಿಯ ತಕ್ಕಡಿಗೆ ಬಂದವು. ಹೊಟ್ಟೆಗೆ ನಾಲ್ಕು ದಾರಿಯಿದ್ದಾಗ ಒಂದು ಮರಕ್ಕೆ ವಿಶ್ರಾಂತಿ ಕೊಡುವ ಧೈರ್ಯ ಬರುತ್ತದೆ.

ಮುಂದೊಂದು ವರ್ಷ, ಕೊಯ್ಲಿಗೆ ನಿಗದಿಯಾದ ದಿನಕ್ಕೆ ಇನ್ನೂ ಎರಡು ದಿನವಿರುವಾಗ, ಹುಡುಗನೊಬ್ಬ ದೋಟಿ ಹಿಡಿದು ಹೊರಟಿದ್ದ. ಅದೇ ಅಜ್ಜಿ ಜಗುಲಿಯಿಂದ ಕೂಗಿದರು: 'ತಡಿಯೋ ತಮಾ, ಹಣ್ಣಾಗ್ಲಿ.' ಅವನು ದೋಟಿಯನ್ನು ಗೋಡೆಗೆ ಒರಗಿಸಿ ಕುಳಿತ.