ಮುಗಿಯದ ಕೆಲಸಕ್ಕೆ ‘ಮುಗಿದಿದೆ’ ಎಂಬ ವರದಿ

ಟೆಸ್ಟಿಂಗ್ ಬಾಕಿಯಿದ್ದರೂ ಮುಗಿದಿದೆ ಎಂದೇ ಕ್ಲೈಂಟ್‌ಗೆ ವರದಿ ಕಳಿಸಲು ಮ್ಯಾನೇಜರ್ ಒತ್ತಾಯಿಸುತ್ತಿದ್ದಾರೆ ಎಂದು ಬರೆದಿದ್ದೀರಿ. ಕಳಿಸಬೇಡಿ. ಆ ವರದಿಯನ್ನು ನಿಮ್ಮ ತಂಡದವರೂ ಓದುತ್ತಾರೆ. ಅದನ್ನು ನೋಡಿ ನಾಳೆ ತಮ್ಮ ತಪ್ಪುಗಳನ್ನು ನಿಮ್ಮಿಂದಲೂ ಮುಚ್ಚಿಡುತ್ತಾರೆ. ನನ್ನ ಆತಂಕ ಇದರ ಬಗ್ಗೆಯೇ.

1979ರ ಆಗಸ್ಟ್‌ನಲ್ಲಿ ಎಸ್‌ಎಲ್‌ವಿ-3 ರಾಕೆಟ್ ಸಮುದ್ರಕ್ಕೆ ಬಿದ್ದಾಗ ಪತ್ರಕರ್ತರನ್ನು ಎದುರಿಸಿದವರು ಇಸ್ರೊ ಅಧ್ಯಕ್ಷ ಸತೀಶ್ ಧವನ್. 1980ರ ಜುಲೈನಲ್ಲಿ ಉಡಾವಣೆ ಯಶಸ್ವಿಯಾದಾಗ ಮಾತನಾಡಲು ಯೋಜನಾ ನಿರ್ದೇಶಕ ಕಲಾಂ ಅವರನ್ನು ಮುಂದೆ ಬಿಟ್ಟರು. ಕಲಾಂ ಇದನ್ನು ಮತ್ತೆ ಮತ್ತೆ ನೆನೆಯುತ್ತಿದ್ದರು. ನಾಯಕ ಸೋಲನ್ನು ಮುಚ್ಚಿಡದೆ ತಾನೇ ಹೊತ್ತದ್ದನ್ನು ತಂಡ ಮರೆಯುವುದಿಲ್ಲ; ನೀವೂ ಹಾಗೇ ಮಾಡಿ.

ಜಗಳ ಬೇಡ. ಎಷ್ಟು ಮುಗಿದಿದೆ, ಏನು ಬಾಕಿ, ಇನ್ನೆಷ್ಟು ದಿನ ಬೇಕು ಎಂದು ಮ್ಯಾನೇಜರ್‌ಗೆ ಇವತ್ತೇ ಮೇಲ್ ಮಾಡಿ. ಜೂನಿಯರ್‌ಗಳ ಹೆಸರು ಎತ್ತಬೇಡಿ. ಕೆಲಸಕ್ಕೆ ಎಷ್ಟು ದಿನ ಬೇಕೆಂದು ಅಂದಾಜು ಹಾಕಿದ್ದು ನೀವೇ ಅಲ್ಲವೇ, ಹಾಗೆಂದೇ ಬರೆಯಿರಿ. ಒತ್ತಡ ಆಮೇಲೂ ನಿಲ್ಲದಿದ್ದರೆ ಎಚ್‌ಆರ್ ಬಳಿ ಹೋಗಲು ಆ ಮೇಲ್ ನಿಮ್ಮ ಕೈಲಿರುತ್ತದೆ.