ಹಳೇ ಇಂಜಿನ್ ಕೊಳ್ಳುವಾಗ ಬಣ್ಣಕ್ಕಿಂತ ಉಸಿರು ನೋಡಿ

ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿನವರಿಗೆ ಇಂಜಿನ್ ಕೆಟ್ಟರೆ ಒಂದೆರಡು ದಿನ ಕಾಯಬಹುದು. ನಾಗಮಂಗಲದ ಮತ್ತು ಕೆ.ಆರ್. ಪೇಟೆಯ ಒಣ ಭಾಗದ ನಮ್ಮಂಥವರಿಗೆ ಅದು ಆಗೋದಿಲ್ಲ. ರಾಗಿ ತೆನೆ ಕಟ್ಟುವ ಹೊತ್ತಿಗೆ ಮಳೆ ಕೈಕೊಟ್ಟರೆ, ಕೃಷಿಹೊಂಡದಲ್ಲಿರುವ ನೀರನ್ನು ಆ ವಾರದಲ್ಲೇ ಮೇಲೆತ್ತಬೇಕು. ಇಂಜಿನ್ ಕೊಳ್ಳುವುದೇ ಆ ಒಂದು ವಾರಕ್ಕಾಗಿ. ಆಗ ಅದು ಕೂತರೆ ಹೋಗುವುದು ಇಂಜಿನ್ ಅಲ್ಲ, ಬೆಳೆ. ಆದ್ದರಿಂದ ಹಳೇ ಡೀಸೆಲ್ ಇಂಜಿನ್ ಕೊಳ್ಳುವವರು ಏನೇನು ನೋಡಬೇಕು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಡೀಸೆಲ್ ಇಂಜಿನ್ನಿನ ಜೀವ ಎಲ್ಲಿದೆ?

ಪೆಟ್ರೋಲ್ ಇಂಜಿನ್ನಿನಲ್ಲಿ ಕಿಡಿ ಹಾರಿಸಲು ಪ್ಲಗ್ ಇರುತ್ತದೆ. ಡೀಸೆಲ್ ಇಂಜಿನ್ನಿನಲ್ಲಿ ಅದಿಲ್ಲ. ಪಿಸ್ಟನ್ ಮೇಲೇರಿ ಗಾಳಿಯನ್ನು ಸುಮಾರು ಹದಿನಾರು ಹದಿನೇಳರಲ್ಲಿ ಒಂದು ಪಾಲಿಗೆ ಅಮುಕಿದಾಗ ಆ ಗಾಳಿ 500 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯುತ್ತದೆ. ಅದರೊಳಕ್ಕೆ ನಾಜಲ್ ಡೀಸೆಲ್ ಸಿಂಪಡಿಸಿದ ತಕ್ಷಣ ತಾನೇ ಹೊತ್ತಿಕೊಳ್ಳುತ್ತದೆ. ರಿಂಗು, ಲೈನರ್, ವಾಲ್ವು ಸವೆದರೆ ಗಾಳಿ ಸೋರುತ್ತದೆ, ಸಾಕಷ್ಟು ಕಾಯುವುದಿಲ್ಲ. ಈ ಅಮುಕುವ ಬಲವೇ ಕಂಪ್ರೆಷನ್. ಇಂಜಿನ್ನಿಗೆ ಅದೇ ಉಸಿರು. ಬಣ್ಣ ಎಷ್ಟೇ ಹೊಸದಾಗಿರಲಿ, ಉಸಿರಿಲ್ಲದ ಇಂಜಿನ್ ಗುಜರಿ ಮಾಲೇ.

ಎಲ್ಲಿ ದುಡಿದದ್ದು ಅಂತ ಮೊದಲು ಕೇಳಿ

ಕಾರಿಗಾದರೆ ಎಷ್ಟು ಕಿಲೋಮೀಟರ್ ಓಡಿದೆ ಅಂತ ತೋರಿಸುವ ಮೀಟರ್ ಇದೆ. ಪಂಪಿನ ಇಂಜಿನ್ನಿಗೆ ಸಾಮಾನ್ಯವಾಗಿ ಅದೂ ಇರುವುದಿಲ್ಲ. ನಿಮಿಷಕ್ಕೆ 1500 ಸುತ್ತಿನ 5 ಎಚ್.ಪಿ. ಇಂಜಿನ್ ಗಂಟೆಗೆ 90,000 ಸುತ್ತು ತಿರುಗುತ್ತದೆ, ದಿನಕ್ಕೆ 8 ಗಂಟೆ ಓಡಿದರೆ 7 ಲಕ್ಷ 20 ಸಾವಿರ ಸುತ್ತು. 650 ಸುತ್ತಿನ ಹಳೇ ಲಿಸ್ಟರ್ ಮಾದರಿಯದಾದರೆ ಗಂಟೆಗೆ 39,000 ಮಾತ್ರ. ಆಲೆಮನೆಯಲ್ಲಿ ಗಾಣಕ್ಕೆ ಕಟ್ಟಿದ್ದ ಇಂಜಿನ್ ಹಂಗಾಮು ಪೂರ್ತಿ ಭಾರ ಹೊತ್ತು ಓಡಿರುತ್ತದೆ. ವರ್ಷಕ್ಕೆ ಹತ್ತಿಪ್ಪತ್ತು ದಿನ ನೀರೆತ್ತಿದ ಇಂಜಿನ್ ಅಷ್ಟು ಸವೆದಿರುವುದಿಲ್ಲ. ಎರಡೂ ಒಂದೇ ವರ್ಷದ ಮಾಲು ಇರಬಹುದು, ಬೆಲೆ ಮಾತ್ರ ಒಂದೇ ಆಗಬಾರದು. ನಾಲೆಯ ರಾಡಿ ನೀರನ್ನೇ ಬಿಟ್ಟು ತಂಪು ಮಾಡುತ್ತಿದ್ದ ಇಂಜಿನ್ನಿನ ಒಳದಾರಿಯಲ್ಲಿ ಹೂಳು ಕೂತಿರುತ್ತದೆ. ಅಂಥದ್ದು ಬೇಗ ಕಾಯುತ್ತದೆ, ಹೆಡ್ಡು ಸೀಳುತ್ತದೆ. ಬೆಸುಗೆ ಗುರುತಿದೆಯಾ ಅಂತ ಹೆಡ್ಡು, ಬ್ಲಾಕನ್ನು ಉಗುರಿನಿಂದ ಕೆರೆದು ನೋಡಿ.

ತಣ್ಣಗಿರುವಾಗಲೇ ಹೋಗಿ

ಮಾರುವವರು ನೀವು ಬರುವ ಮೊದಲೇ ಒಂದು ಸಲ ಓಡಿಸಿ ಬಿಸಿ ಮಾಡಿಟ್ಟಿರಬಹುದು. ಬಿಸಿ ಇಂಜಿನ್ ಸುಲಭವಾಗಿ ಸ್ಟಾರ್ಟ್ ಆಗುತ್ತದೆ. ಬೆಳಿಗ್ಗೆ ಹೋಗಿ, ಮೊದಲು ಬ್ಲಾಕನ್ನು ಮುಟ್ಟಿ ನೋಡಿ. ಬಿಸಿ ಇದ್ದರೆ ಆರುವ ತನಕ ಕಾಯಿರಿ. ಆಮೇಲೆ ಆಯಿಲ್ ಕಡ್ಡಿ ಎಳೆದು ನೋಡಿ. ಆಯಿಲ್ ಹಾಲು ಕಲೆಸಿದ ಹಾಗಿದ್ದರೆ ನೀರು ಸೇರಿದೆ. ತೆಳ್ಳಗಿದ್ದು ಡೀಸೆಲ್ ವಾಸನೆ ಬಂದರೆ ಡೀಸೆಲ್ ಇಳಿಯುತ್ತಿದೆ. ಜೇನಿನಂತೆ ದಪ್ಪವಾಗಿ ಇಳಿದರೆ, ಸದ್ದು ಮತ್ತು ಹೊಗೆ ಮುಚ್ಚಲು ಗೇರ್ ಆಯಿಲ್ ಬೆರೆಸಿರುವ ಅನುಮಾನ ಇರಲಿ.

ಈಗ ಡೀಸೆಲ್ ನಿಲ್ಲಿಸಿ, ಡಿಕಂಪ್ರೆಷನ್ ಲಿವರ್ ಕೆಳಗಿಳಿಸಿ, ಫ್ಲೈವೀಲನ್ನು ಕೈಯಲ್ಲಿ ನಿಧಾನ ತಿರುಗಿಸಿ. ಹೆಗಲ ಮೇಲಿನ ಟವೆಲ್ ತೆಗೆದಿಟ್ಟೇ ಈ ಕೆಲಸಕ್ಕೆ ಕೈ ಹಾಕಿ. ಒಂದು ಹಂತದಲ್ಲಿ ಚಕ್ರ ಗಟ್ಟಿಯಾಗಿ ತಡೆದು, ಹಿಂದಕ್ಕೆ ಚಿಮ್ಮಬೇಕು. ತಡೆಯಿಲ್ಲದೆ ತಿರುಗಿ ಹೋದರೆ ಉಸಿರು ಹೋಗಿದೆ ಅಂತ ಅರ್ಥ. ಆಗ ಬುಸ್ ಅನ್ನುವ ಸದ್ದು ಎಲ್ಲಿಂದ ಅಂತ ಕಿವಿಗೊಡಿ. ಸೈಲೆನ್ಸರಿನಿಂದ ಬಂದರೆ ಹೊಗೆ ಬಿಡುವ ವಾಲ್ವು, ಏರ್ ಫಿಲ್ಟರಿನಿಂದ ಬಂದರೆ ಗಾಳಿ ಎಳೆಯುವ ವಾಲ್ವು, ಆಯಿಲ್ ಹಾಕುವ ಕಡೆಯಿಂದ ಬಂದರೆ ರಿಂಗು, ಲೈನರ್. ವಾಲ್ವು ಉಜ್ಜಿಸುವುದು ಸಣ್ಣ ಖರ್ಚು. ರಿಂಗು, ಲೈನರ್ ಹಾಗಲ್ಲ.

ಹೊಗೆ ಹೇಳುವ ಕತೆ

ನೀಲಿ ಹೊಗೆ ನಿಲ್ಲದೆ ಬಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಹೊಗೆ ಬಂದರೆ ನಾಜಲ್, ಕಟ್ಟಿಕೊಂಡ ಏರ್ ಫಿಲ್ಟರ್, ಇಲ್ಲವೇ ತಡೆಯಲಾರದ ಭಾರ. ಬಿಳಿ ಹೊಗೆ ಸ್ಟಾರ್ಟ್ ಆದ ಹೊಸದರಲ್ಲಿ ಸ್ವಲ್ಪ ಸಹಜ. ಬಿಸಿಯಾದ ಮೇಲೂ ಬಂದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಅಥವಾ ಹೆಡ್ ಗ್ಯಾಸ್ಕೆಟ್ ದಾಟಿ ನೀರು ಒಳಹೋಗುತ್ತಿದೆ.

ಖಾಲಿ ಓಡುವ ಇಂಜಿನ್ ನೋಡಿ ದುಡ್ಡು ಕೊಡಬೇಡಿ. ಪಂಪು ಕಟ್ಟಿಸಿ, ನೀರು ಎತ್ತಿಸಿ, ಕನಿಷ್ಠ ಅರ್ಧ ಗಂಟೆ ಭಾರದಲ್ಲಿ ಓಡಿಸಿ. ಸುತ್ತು ಕುಗ್ಗುವುದು, ಬಡಿಯುವ ಸದ್ದು, ಬ್ರೀದರಿನಿಂದ ಭುಸುಭುಸು ಹೊಗೆ, ಇವೆಲ್ಲ ಆಗಲೇ ಹೊರಬೀಳುವುದು.

ಲೇತ್ ಅಂಗಡಿಯ ಲೆಕ್ಕ

ಕ್ರ್ಯಾಂಕ್ ಸವೆದಾಗ ಅದನ್ನು ಗ್ರೈಂಡ್ ಮಾಡಿ ದಪ್ಪ ಬೇರಿಂಗ್ ಹಾಕುತ್ತಾರೆ. 10 ಸೈಜ್, 20 ಸೈಜ್ ಅಂತಾರಲ್ಲ, ಅದು ಇದೇ. 10 ಅಂದರೆ ಅಂಗುಲವನ್ನು ಸಾವಿರ ಪಾಲು ಮಾಡಿ ಅದರಲ್ಲಿ ಹತ್ತು, ಅಂದರೆ ಕಾಲು ಮಿಲಿಮೀಟರ್. ಈ ಕೆಲಸಕ್ಕೆ ಮಿತಿ ಇದೆ. ಆಗಲೇ 30, 40 ದಾಟಿದ್ದರೆ ಮುಂದಿನ ಸಲ ಕ್ರ್ಯಾಂಕನ್ನೇ ಬದಲಾಯಿಸಬೇಕು. ಯಾವ ಸೈಜಿನಲ್ಲಿದೆ ಅಂತ ಕೇಳಿ, ಬೇರಿಂಗ್ ಬಿಲ್ಲು ಇದ್ದರೆ ನೋಡಿ. ಆ ಕಂಪನಿಯ ಬಿಡಿಭಾಗ ನಿಮ್ಮ ತಾಲ್ಲೂಕು ಪಟ್ಟಣದಲ್ಲಿ ಸಿಗುತ್ತದಾ ಅಂತ ಕೊಳ್ಳುವ ಮೊದಲೇ ವಿಚಾರಿಸಿ.

ಕಾರಿನ ಇಂಜಿನ್ ಬೇಡ

ಗುಜರಿಯಲ್ಲಿ ಕಾರಿನ ಇಂಜಿನ್ ಅಗ್ಗಕ್ಕೆ ಸಿಗುತ್ತದೆ, ಅದನ್ನೇ ಪಂಪಿಗೆ ಕೂರಿಸೋಣ ಅನ್ನುವವರಿದ್ದಾರೆ. 40 ಎಚ್.ಪಿ. ಇಂಜಿನ್ನಿಗೆ 5 ಎಚ್.ಪಿ. ಕೆಲಸ ಕೊಟ್ಟರೆ ಹೊರೆ ಸಣ್ಣದು, ಡೀಸೆಲ್ ದಂಡ. ಅದು ರಸ್ತೆಯಲ್ಲಿ ಹೆಚ್ಚು ಕಡಿಮೆ ವೇಗದಲ್ಲಿ ಓಡಲು ಮಾಡಿದ್ದು, ಒಂದೇ ಸುತ್ತಿನಲ್ಲಿ ದಿನವಿಡೀ ನಿಂತು ದುಡಿಯಲು ಅಲ್ಲ. ಈಚಿನ ಕಾರಿನ ಇಂಜಿನ್ ಅಂತೂ ಅದರದೇ ಕಂಪ್ಯೂಟರ್ ಪೆಟ್ಟಿಗೆ ಇಲ್ಲದೆ ಸ್ಟಾರ್ಟೇ ಆಗುವುದಿಲ್ಲ.

ಕಾಗದವೂ ಇರಲಿ

ಪಂಪಿನ ಇಂಜಿನ್ನಿಗೆ ಆರ್.ಸಿ. ಪುಸ್ತಕ ಇಲ್ಲ. ನಂಬರ್ ಪ್ಲೇಟ್ ಕಿತ್ತಿದ್ದರೆ, ನಂಬರ್ ಉಜ್ಜಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. 1930ರ ಸರಕು ಮಾರಾಟ ಕಾಯ್ದೆ ಪ್ರಕಾರ ತನ್ನದಲ್ಲದ ವಸ್ತುವನ್ನು ಮಾರಿದವನಿಂದ ಕೊಂಡವನಿಗೆ ಸಾಮಾನ್ಯವಾಗಿ ಹಕ್ಕು ಬರುವುದಿಲ್ಲ. ಕಳವಿನ ಮಾಲು ಅಂತ ಗೊತ್ತಿದ್ದೂ ಕೊಂಡರೆ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಲ್ಲಿ ಅಪರಾಧ. ಇಂಜಿನ್ ನಂಬರ್, ಮಾರಿದವರ ಹೆಸರು, ಊರು, ತಾರೀಕು, ಮೊತ್ತ ಬರೆಸಿ, ಇಬ್ಬರು ಸಾಕ್ಷಿಗಳ ಸಹಿ ಹಾಕಿಸಿ.

ಕೊನೆಗೊಂದು ಲೆಕ್ಕ

ಸರಿಯಿರುವ 5 ಎಚ್.ಪಿ. ಇಂಜಿನ್ ಪೂರ್ತಿ ಭಾರದಲ್ಲಿ ಗಂಟೆಗೆ ಒಂದು ಲೀಟರಿನ ಆಸುಪಾಸು ಡೀಸೆಲ್ ಕುಡಿಯುತ್ತದೆ. ಸವೆದದ್ದು ಕಾಲು ಲೀಟರ್ ಹೆಚ್ಚು ಕುಡಿಯಿತು ಅಂತಿಟ್ಟುಕೊಳ್ಳಿ. ವರ್ಷಕ್ಕೆ 200 ಗಂಟೆ ಓಡಿದರೆ 50 ಲೀಟರ್ ದಂಡ, ಅದೂ ಪ್ರತಿ ವರ್ಷ. ಕೇಳಿದ ಬೆಲೆಗೆ ರಿಪೇರಿ ಖರ್ಚು, ಮೂರು ವರ್ಷದ ಈ ದಂಡ ಎರಡನ್ನೂ ಕೂಡಿಸಿ. ಆ ಮೊತ್ತ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, ಹೊಸ ಪಂಪ್‌ಸೆಟ್ಟಿಗೆ ಈ ವರ್ಷ ಸಹಾಯಧನ ಇದೆಯಾ, ನಿಮ್ಮ ಪಾಲಿಗೆ ಎಷ್ಟು ಬೀಳುತ್ತದೆ ಅಂತ ಕೇಳಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲೆಯೇ ಮುಂಗಡ ಕೊಡಿ. ಹಳೇದನ್ನೇ ಕೊಂಡರೂ ಬೇಸಿಗೆಯಲ್ಲೇ ಕೊಳ್ಳಿ. ಮಳೆ ಹೋದ ವಾರದಲ್ಲಿ ಅವಸರಕ್ಕೆ ಹೋದವರಿಗೆ ಪರೀಕ್ಷೆ ಮಾಡಲು ಹೊತ್ತಿರುವುದಿಲ್ಲ, ಚೌಕಾಸಿ ಮಾಡಲು ಬಾಯಿರುವುದಿಲ್ಲ.